ಈ ಮಳೆಗಾಲ ನೆಡಿರಿ, ಮುಂದಿನ ವರ್ಷಗಳಲ್ಲಿ ಹೂ ಹಣ್ಣು ಪಡೆಯಿರಿ

ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳಿಗೆ ದಿನಕ್ಕೊಂದು ಹಣ್ಣು ತಿನ್ನಲು ಹೇಳಿದರೆ, ಸಂತೆಯ ದಾಳಿಂಬೆ ಕೈಗೆಟುಕುವುದಿಲ್ಲ ಎನ್ನುತ್ತಾರೆ. ಮಾತು ನಿಜ. ಆದರೆ ಹಿತ್ತಲಲ್ಲಿ ಸ್ವಲ್ಪ ಜಾಗ ಇದ್ದವರಿಗೆ ದಾರಿಯಿದೆ. ಹಣ್ಣು ಬೇಕಾದ ದಿನ ಗಿಡ ನೆಟ್ಟು ಪ್ರಯೋಜನವಿಲ್ಲ. ಎರಡು ಮೂರು ವರ್ಷ ಮೊದಲೇ ನೆಡಬೇಕು.

ಮೇ ತಿಂಗಳಲ್ಲೇ ಗುಂಡಿ ತೋಡಿರಿ. ದಾಳಿಂಬೆ, ಪೇರಲ, ನಿಂಬೆಗೆ ಎರಡು ಅಡಿ, ಮಾವಿಗೆ ಮೂರು ಅಡಿ ಉದ್ದ, ಅಗಲ, ಆಳ ಇರಲಿ. ಹದಿನೈದು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿನೊಂದಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿರಿ. ಮೃಗಶಿರಾ ಮಳೆ ಬಿದ್ದು ಮಣ್ಣು ಹದವಾದ ಮೇಲೆ ಸಸಿ ನೆಡಿರಿ. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟು ಮಣ್ಣಿನ ಮೇಲಿರಬೇಕು. ಸವಣೂರು ಕಡೆಯ ಎರೆಮಣ್ಣಿನಲ್ಲೂ ಮಳೆ ಹೆಚ್ಚಿರುವ ಹಾನಗಲ್ ಕಡೆಯೂ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿರಿ.

ನುಗ್ಗೆಯ ಟೊಂಗೆ ಊರಿದರೆ ವರ್ಷದೊಳಗೆ ಸೊಪ್ಪು, ಕಾಯಿ ಸಿಗುತ್ತದೆ. ಪಪ್ಪಾಯಿ ಸುಮಾರು ಹತ್ತು ತಿಂಗಳಿಗೆ, ಕಸಿ ಪೇರಲ ಮತ್ತು ದಾಳಿಂಬೆ ಎರಡು ಮೂರು ವರ್ಷಕ್ಕೆ, ಕಸಿ ಮಾವು ನಾಲ್ಕೈದು ವರ್ಷಕ್ಕೆ ಫಲ ಕೊಡುತ್ತವೆ. ಜಾಗ ಒಂದೇ ಗಿಡಕ್ಕಿದ್ದರೆ ಪೇರಲ ಆರಿಸಿರಿ. ಅದರಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವವಿದೆ. ಊಟದ ಜೊತೆ ತಿಂದರೆ ಸೊಪ್ಪು, ಬೇಳೆಯ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಗೆಂದು ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆ ನಿಲ್ಲಿಸಬೇಡಿರಿ. ಗರ್ಭಿಣಿಯರು ಪಪ್ಪಾಯಿ ಕಾಯಿ ತಿನ್ನಬಾರದು.

ಮಾವನ್ನು ಗೋಡೆಯಿಂದ ಹದಿನೈದು ಇಪ್ಪತ್ತು ಅಡಿ ದೂರ ನೆಡಿರಿ. ಸವಣೂರಿನ ದೊಡ್ಡಹುಣಸೆ ಮರಗಳ ಬುಡ ಕಂಡವರಿಗೆ ಗೊತ್ತು, ಇಂದಿನ ಸಸಿ ಮುಂದೆ ಎಷ್ಟು ಜಾಗ ಕೇಳುತ್ತದೆಂದು.

ಬಣ್ಣಕ್ಕೆ ಜೂನ್ ಜುಲೈನಲ್ಲಿ ಚೆಂಡು ಹೂವಿನ ಬೀಜ ಹಾಕಿರಿ, ಎರಡು ತಿಂಗಳಲ್ಲಿ ಅರಳುತ್ತದೆ. ಸೇವಂತಿಗೆ ಸಸಿ ಈಗ ನೆಟ್ಟರೆ ಚಳಿಗಾಲದಲ್ಲಿ ಹೂ ಬಿಡುತ್ತದೆ. ಪರಿಮಳದ ನಾಟಿ ಗುಲಾಬಿ ಒಂದಾದರೂ ಇರಲಿ. ಪೇಟೆಯ ಗುಲಾಬಿಗೆ ಕೀಟನಾಶಕ ಹೊಡೆದಿರಬಹುದು, ಗುಲ್ಕಂದಕ್ಕೆ ಅದು ಬೇಡ. ಮನೆಯ ಹೂವಿನ ಎಸಳೇ ಒಳ್ಳೆಯದು. ಗುಲ್ಕಂದದಲ್ಲಿ ಸಕ್ಕರೆ ಹೆಚ್ಚು, ಸಕ್ಕರೆ ಕಾಯಿಲೆಯವರು ದೂರವಿರಲಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ನೆಡಬೇಡಿರಿ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ.

ನೀರಿಗೆ ಚಿಂತೆ ಬೇಡ. ವುಝೂ ಮಾಡಿದ ನೀರಿನಲ್ಲಿ ಸಾಬೂನು ಇರುವುದಿಲ್ಲ; ಮನೆಯಲ್ಲಾಗಲಿ ಮಸೀದಿಯಲ್ಲಾಗಲಿ ಅದನ್ನು ಗಿಡದ ಬುಡಕ್ಕೆ ಹರಿಸಿರಿ. ಆದರೆ ಎಲ್ಲೂ ನಿಲ್ಲಗೊಡಬೇಡಿರಿ. ಡೆಂಗೀ ಸೊಳ್ಳೆ ಮೊಟ್ಟೆಯಿಟ್ಟು ಮರಿ ಬೆಳೆದು ಹಾರಲು ಒಂದು ವಾರ, ಹತ್ತು ದಿನ ಸಾಕು. ಕುಂಡದ ಕೆಳಗಿನ ತಟ್ಟೆ, ಒಡೆದ ಬಕೆಟ್, ಹಳೆ ಟೈರುಗಳನ್ನು ಪ್ರತಿ ಶುಕ್ರವಾರ ಬೋರಲು ಹಾಕಿರಿ. ಈ ಕೆಲಸ ಮಕ್ಕಳಿಗೆ ವಹಿಸಿರಿ. ಗಿಡವನ್ನೂ ಅವರೇ ನೋಡಿಕೊಳ್ಳುತ್ತಾರೆ.