ಕಡತದಲ್ಲಿ ಉಳಿದ ವಾರಂಟ್

ಕರೆದ ದಿನ ಕೋರ್ಟಿಗೆ ಬಾರದವರನ್ನು ಹಿಡಿದು ತಂದು ಹಾಜರುಪಡಿಸಿ ಎಂದು ನ್ಯಾಯಾಧೀಶರು ಪೊಲೀಸರಿಗೆ ಬರೆದುಕೊಡುವ ಆದೇಶವೇ ಬಂಧನ ವಾರಂಟ್. ಇದರಲ್ಲಿ ಎರಡು ಬಗೆ. ಜಾಮೀನು ಸಹಿತ ವಾರಂಟ್ ಆಗಿದ್ದರೆ ಎಷ್ಟು ಮೊತ್ತದ ಮುಚ್ಚಳಿಕೆ, ಎಷ್ಟು ಜನ ಜಾಮೀನುದಾರರು, ಯಾವ ದಿನ ಹಾಜರಿ ಎಂಬ ಷರಾ ಅದರ ಮೇಲೇ ಇರುತ್ತದೆ. ಅಷ್ಟನ್ನು ಪೂರೈಸಿದರೆ ಪೊಲೀಸರೇ ಬಿಟ್ಟು ಕಳಿಸಬೇಕು. ಜಾಮೀನು ರಹಿತ ವಾರಂಟಿಗೆ ಈ ದಾರಿಯಿಲ್ಲ. ವಕೀಲರು, ಪೊಲೀಸರು ಎನ್‌ಬಿಡಬ್ಲ್ಯು ಎಂದು ಕರೆಯುವುದು ಇದನ್ನೇ. ಹಿಡಿದವರನ್ನು ಕೋರ್ಟಿಗೇ ಒಯ್ಯಬೇಕು, ಬಿಡುವುದು ಬಿಡದಿರುವುದು ನ್ಯಾಯಾಧೀಶರ ವಿವೇಚನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ವಾರಂಟಿನ ರೂಪವನ್ನೂ ಆಯುಷ್ಯವನ್ನೂ ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮಿನಲ್ಲಿ ಇದ್ದದ್ದೂ ಇದೇ. ವಾರಂಟ್ ಲಿಖಿತವಾಗಿರಬೇಕು, ನ್ಯಾಯಾಧೀಶರ ಸಹಿ ಮತ್ತು ಕೋರ್ಟಿನ ಮೊಹರು ಬಿದ್ದಿರಬೇಕು. ಹೊರಡಿಸಿದ ಕೋರ್ಟು ರದ್ದು ಮಾಡುವ ತನಕ, ಇಲ್ಲವೇ ಜಾರಿಯಾಗುವ ತನಕ ಅದು ಚಾಲ್ತಿಯಲ್ಲಿರುತ್ತದೆ. ಮೂರು ವರ್ಷ ತಲೆ ಮರೆಸಿಕೊಂಡರೆ ವಾರಂಟ್ ತಾನಾಗಿ ಬಿದ್ದುಹೋಗುತ್ತದೆ ಎಂಬ ಮಾತು ಊರಕಟ್ಟೆಗಳಲ್ಲಿ ಕೇಳಿಬರುವುದುಂಟು. ಅದಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ಹತ್ತು ವರ್ಷದ ಹಿಂದಿನ ವಾರಂಟಿನ ಮೇಲೂ ಇಂದು ಬಂಧಿಸಬಹುದು.

ವಾರಂಟ್ ಹೊರಡುವ ಸಂದರ್ಭಗಳು ಹಲವು. ಚೆಕ್ ಬೌನ್ಸ್ ಮೊಕದ್ದಮೆ ಇವುಗಳಲ್ಲಿ ತೀರ ಸಾಮಾನ್ಯ. ಆರೋಪಿ ಬಾಡಿಗೆ ಮನೆ ಬದಲಿಸಿರುತ್ತಾನೆ, ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಮೊಕದ್ದಮೆ ಇರುವುದೇ ಅವನಿಗೆ ತಿಳಿದಿರುವುದಿಲ್ಲ. ಎರಡನೆಯದು, ಜಾಮೀನು ಪಡೆದು ಹೊರಬಂದವರು ಮುದ್ದತ್ತು ತಪ್ಪಿಸುವುದು. ಆಗ ಆ ದಿನದ ಆರ್ಡರ್ ಶೀಟಿನಲ್ಲಿ ಬೀಳುವ ಬರಹ ಬಹುಮಟ್ಟಿಗೆ ಒಂದೇ ಧಾಟಿಯದು: ಆರೋಪಿ ಗೈರು, ವಕೀಲರೂ ಗೈರು, ವಿನಾಯಿತಿ ಅರ್ಜಿ ಇಲ್ಲ, ಜಾಮೀನು ಮುಚ್ಚಳಿಕೆ ಮುಟ್ಟುಗೋಲು, ಆರೋಪಿಗೆ ಎನ್‌ಬಿಡಬ್ಲ್ಯು, ಜಾಮೀನುದಾರರಿಗೆ ನೋಟಿಸ್. ನಾಲ್ಕು ಸಾಲಿನ ಈ ಬರಹಕ್ಕೆ ಪಹಣಿ ಕೊಟ್ಟು ಜಾಮೀನು ನಿಂತ ನೆಂಟರೂ ಸಿಕ್ಕಿಬೀಳುತ್ತಾರೆ. ಆ ದಿನ ವಕೀಲರು ಒಂದು ವಿನಾಯಿತಿ ಅರ್ಜಿ ಹಾಕಿದ್ದರೆ ಅನೇಕ ವೇಳೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಸಮನ್ಸ್ ಪಡೆದೂ ಬಾರದ ಸಾಕ್ಷಿಗಳಿಗೂ ವಾರಂಟ್ ಹೊರಡುತ್ತದೆ. ಎಂದೋ ಮಹಜರಿಗೆ ಸಹಿ ಹಾಕಿ ಮರೆತ ಪಂಚರು ಇದನ್ನು ಕಂಡು ಗಾಬರಿಯಾಗುತ್ತಾರೆ. ಜೀವನಾಂಶದ ಬಾಕಿ ಉಳಿಸಿಕೊಂಡವರ ಮೇಲೆ ಹೊರಡುವ ವಾರಂಟ್ ಮಾತ್ರ ಬೇರೆ ಜಾತಿಯದು. ಅದರ ಗುರಿ ಹಣ ವಸೂಲಿ.

ನೇರವಾಗಿ ಎನ್‌ಬಿಡಬ್ಲ್ಯುಗೆ ಕೈ ಹಾಕಬಾರದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಮೊದಲು ಸಮನ್ಸ್, ಅದಕ್ಕೆ ಜಗ್ಗದಿದ್ದರೆ ಜಾಮೀನು ಸಹಿತ ವಾರಂಟ್, ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ ಎನಿಸಿದರೆ ಮಾತ್ರ ಕೊನೆಯದು. ಆದರೂ ದಿನಕ್ಕೆ ನೂರರ ಹತ್ತಿರ ಮೊಕದ್ದಮೆ ಕೂಗಿಸುವ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಈ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುವುದೂ ಇದೆ.

ಆರೋಪಿ ಎಷ್ಟು ವಾಯಿದೆಯಾದರೂ ಸಿಗದಿದ್ದರೆ ಕರ್ನಾಟಕದ ಕೋರ್ಟುಗಳಲ್ಲಿ ಒಂದು ರೂಢಿಯಿದೆ. ಹಾಜರಿರುವ ಆರೋಪಿಗಳ ವಿಚಾರಣೆ ನಿಲ್ಲದಂತೆ, ತಪ್ಪಿಸಿಕೊಂಡವನ ಮೊಕದ್ದಮೆಯನ್ನು ಒಡೆದು ಬೇರೆ ನಂಬರ್ ಕೊಡುತ್ತಾರೆ. ಇದೇ ಸ್ಪ್ಲಿಟ್ ಅಪ್. ಆಗಲೂ ಸಿಗದಿದ್ದರೆ ಅದು ದೀರ್ಘಕಾಲ ಬಾಕಿ ಪ್ರಕರಣಗಳ ಪುಸ್ತಕಕ್ಕೆ, ಅಂದರೆ ಎಲ್‌ಪಿಸಿಗೆ ಸೇರುತ್ತದೆ. ಹುಡುಕುವವರು ಎಡವುವುದು ಇಲ್ಲಿಯೇ. ಹಳೆಯ ಸಿ.ಸಿ. ನಂಬರ್ (ಕೋರ್ಟಿನ ಕ್ರಿಮಿನಲ್ ಕೇಸ್ ನಂಬರ್) ಹಾಕಿ ನೋಡಿದರೆ ಮೊಕದ್ದಮೆ ಮುಗಿದಿದೆ, ಉಳಿದವರು ಖುಲಾಸೆಯಾಗಿದ್ದಾರೆ ಎಂದು ಕಾಣುತ್ತದೆ. ತನ್ನದೂ ಮುಗಿಯಿತೆಂದು ನೆಮ್ಮದಿಯಾಗಿ ಕೂತವನ ವಾರಂಟ್ ಹೊಸ ನಂಬರಿನಡಿ ಹಾಗೇ ಉಳಿದಿರುತ್ತದೆ.

ವಾರಂಟ್ ಇದೆಯೇ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಕೋರ್ಟಿನ ದಾಖಲೆ. ಠಾಣೆಗೆ ಹೋಗಿ ವಿಚಾರಿಸಿದರೆ, ಎನ್‌ಬಿಡಬ್ಲ್ಯು ಇದ್ದ ಪಕ್ಷದಲ್ಲಿ ಅಲ್ಲೇ ಕೂರಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ. ಇ-ಕೋರ್ಟ್ಸ್ ಜಾಲತಾಣದಲ್ಲೂ ಮೊಬೈಲ್ ಆ್ಯಪಿನಲ್ಲೂ ಜಿಲ್ಲಾ, ತಾಲ್ಲೂಕು ಕೋರ್ಟುಗಳ ಮೊಕದ್ದಮೆಗಳನ್ನು ಕಾಸಿಲ್ಲದೆ ನೋಡಬಹುದು. ಪ್ರತಿ ಮೊಕದ್ದಮೆಗೂ ಕೊಡುವ ಸಿಎನ್‌ಆರ್ ನಂಬರ್ ಗೊತ್ತಿದ್ದರೆ ಕೆಲಸ ಹಗುರ. ಅದು 16 ಅಕ್ಷರ-ಅಂಕಿಗಳದು, ಕರ್ನಾಟಕದ್ದಾದರೆ ಕೆಎ ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ಅದಿಲ್ಲದಿದ್ದರೆ ಸಿ.ಸಿ. ನಂಬರ್, ಠಾಣೆಯ ಎಫ್‌ಐಆರ್ ನಂಬರ್ ಅಥವಾ ಕಕ್ಷಿದಾರರ ಹೆಸರಿನಿಂದ ಹುಡುಕಬೇಕು.

ಹೆಸರಿನ ಹುಡುಕಾಟಕ್ಕೆ ತಾಳ್ಮೆ ಬೇಕು. ಹೆಸರುಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ, ಕಾಗುಣಿತ ನಮೂದಿಸಿದ ಗುಮಾಸ್ತರ ಕೈಯದು. ಮಂಜುನಾಥ ಎಂದು ಹಾಕಿ ಸಿಗದವನು ಮಂಜುನಾಥ್ ಎಂದಾಗ ಸಿಗುತ್ತಾನೆ. ಶಿವಕುಮಾರನ ಹೆಸರಿನ ಮೊದಲ ಅಕ್ಷರವೇ ಎರಡು ರೀತಿ. ಪೊಲೀಸ್ ದಾಖಲೆಯಿಂದ ಬಂದ ಹೆಸರಾದರೆ ಮಂಜುನಾಥ ಅಲಿಯಾಸ್ ಮಂಜ ಎಂದೂ ಇರಬಹುದು. ಪೂರ್ತಿ ಹೆಸರಿನ ಬದಲು ಮೊದಲ ನಾಲ್ಕೈದು ಅಕ್ಷರ ಕೊಟ್ಟು, ಬಂದ ಪಟ್ಟಿಯನ್ನು ಕಣ್ಣಾಡಿಸುವುದೇ ಮೇಲು. ವರ್ಷವನ್ನೂ ತುಂಬಬೇಕು. ಅದು ಘಟನೆ ನಡೆದ ವರ್ಷವಲ್ಲ, ಕೋರ್ಟಿನಲ್ಲಿ ನೋಂದಣಿಯಾದ ವರ್ಷ. ಚಾರ್ಜ್‌ಶೀಟ್ ತಡವಾಗಿ ಬಂದ ಮೊಕದ್ದಮೆಗೆ ಮುಂದಿನ ಎರಡು ಮೂರು ವರ್ಷಗಳನ್ನೂ ಹಾಕಿ ನೋಡಬೇಕಾಗುತ್ತದೆ. ಬೆಂಗಳೂರಿನಂಥ ಕಡೆ ಕೋರ್ಟ್ ಸಂಕೀರ್ಣಗಳೇ ಹಲವು. ನೃಪತುಂಗ ರಸ್ತೆಯದು ಬೇರೆ, ಮೇಯೋ ಹಾಲಿನದು ಬೇರೆ.

ಮೊಕದ್ದಮೆ ತೆರೆದಾಗ ಮುಂದಿನ ದಿನಾಂಕದ ಪಕ್ಕದಲ್ಲಿ ಯಾವ ಹಂತದಲ್ಲಿದೆ ಎಂಬುದೂ ಕಾಣುತ್ತದೆ. ಅಲ್ಲಿ ಎನ್‌ಬಿಡಬ್ಲ್ಯು ಎಂದಿದ್ದರೆ ಅರ್ಥ ಸ್ಪಷ್ಟ. ಆದರೆ ಹಂತದ ಕಾಲಮನ್ನು ಮಾತ್ರ ನಂಬಬಾರದು. ಕೆಳಗಿನ ಹಳೆಯ ದಿನಾಂಕಗಳನ್ನು ಒಂದೊಂದಾಗಿ ಒತ್ತಿ, ಅಂದು ಏನು ನಡೆಯಿತೆಂಬ ಟಿಪ್ಪಣಿ ಓದಬೇಕು. ಮೂವರು ಆರೋಪಿಗಳಿದ್ದರೆ ವಾರಂಟ್ ಯಾರ ಮೇಲೆ ಎಂಬುದು ತಿಳಿಯುವುದು ಅಲ್ಲಿ. ಜಾಲತಾಣದಲ್ಲಿ ನಮೂದು ತಡವಾಗಬಹುದು, ತಪ್ಪೂ ಆಗಬಹುದು. ಆದ್ದರಿಂದ ವಕೀಲರೊಬ್ಬರು ಕಡತ ತರಿಸಿ ಆರ್ಡರ್ ಶೀಟ್ ನೋಡುವುದು, ದೃಢೀಕೃತ ನಕಲಿಗೆ ಅರ್ಜಿ ಹಾಕುವುದು ಭದ್ರವಾದ ಕ್ರಮ. ಇಂಟರ್ನೆಟ್ ಒಗ್ಗದವರಿಗೆ ಕೋರ್ಟ್ ಆವರಣದ ಇ-ಸೇವಾ ಕೇಂದ್ರವಿದೆ.

ವಿದೇಶದಲ್ಲಿರುವ ಕನ್ನಡಿಗರಿಗೆ ವಾರಂಟಿನ ಸುದ್ದಿ ಮುಟ್ಟುವುದು ಹಲವು ಸಲ ಪಾಸ್‌ಪೋರ್ಟ್ ನವೀಕರಣದ ಹೊತ್ತಿಗೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ಪ್ರಕಾರ ಬಾಕಿ ಇರುವ ಕ್ರಿಮಿನಲ್ ಮೊಕದ್ದಮೆ, ಬಂಧನ ವಾರಂಟ್ ಎರಡೂ ನಿರಾಕರಣೆಗೆ ಕಾರಣಗಳು. ನವೀಕರಣಕ್ಕೆ ಅರ್ಜಿ ಹಾಕುವ ಮುನ್ನ ಕೋರ್ಟ್ ದಾಖಲೆ ನೋಡಿಕೊಂಡರೆ ಇಂಥ ಪೇಚು ತಪ್ಪುತ್ತದೆ.

ವಾರಂಟ್ ಇರುವುದು ಖಚಿತವಾದ ಮೇಲೆ ಮಾಡಬೇಕಾದದ್ದು ರೀಕಾಲ್ ಅರ್ಜಿ. ಅದನ್ನು ಹೊರಡಿಸಿದ ಕೋರ್ಟಿಗೇ ಹಾಕಬೇಕು. ಹಳೆಯ ಮೊಕದ್ದಮೆಗಳಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 70(2), ಹೊಸವುಗಳಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 72(2)ನೇ ಕಲಂ. ಮುಂದಿನ ವಾಯಿದೆ ಎರಡು ತಿಂಗಳ ಆಚೆಗಿದ್ದರೆ ಕಾಯುತ್ತ ಕೂರುವಂತಿಲ್ಲ. ಮೊಕದ್ದಮೆಯನ್ನು ಇಂದಿಗೇ ತೆಗೆದುಕೊಳ್ಳಿ ಎಂಬ ಅಡ್ವಾನ್ಸ್‌ಮೆಂಟ್ ಅರ್ಜಿ, ವಕಾಲತ್ತು, ರೀಕಾಲ್ ಅರ್ಜಿ ಮೂರನ್ನೂ ಒಟ್ಟಿಗೆ ಸಲ್ಲಿಸುತ್ತಾರೆ. ಆರೋಪಿ ಬೆಳಗ್ಗೆಯೇ ಕೋರ್ಟಿನಲ್ಲಿರಬೇಕು, ಕೂಗಿದಾಗ ಕಟಕಟೆಯಲ್ಲಿ ನಿಲ್ಲಬೇಕು.

ಅರ್ಜಿಯಲ್ಲಿ ಗೈರಿಗೆ ಕಾರಣ ಹೇಳಬೇಕು. ಅನಾರೋಗ್ಯ ಎಂಬ ಒಂಟಿ ಪದಕ್ಕೆ ಯಾವ ನ್ಯಾಯಾಧೀಶರೂ ಕರಗುವುದಿಲ್ಲ. ಡಿಸ್ಚಾರ್ಜ್ ಸಾರಾಂಶವನ್ನೋ, ವಿಳಾಸ ಬದಲಾದದ್ದಕ್ಕೆ ಬಾಡಿಗೆ ಕರಾರನ್ನೋ ಲಗತ್ತಿಸಿದರೆ ಮಾತಿಗೆ ತೂಕ. ಸಮನ್ಸೇ ಮುಟ್ಟದಿದ್ದರೆ ಆ ಸಂಗತಿ ಕಡತದಲ್ಲಿ ವಾಪಸಾದ ಲಕೋಟೆಯ ಷರಾದಲ್ಲೇ ಇರುತ್ತದೆ, ಅದನ್ನು ತೋರಿಸಬೇಕು. ಕೋರ್ಟು ಒಪ್ಪಿದರೆ ಸಾಮಾನ್ಯವಾಗಿ ದಂಡ ಅಥವಾ ವೆಚ್ಚ ವಿಧಿಸಿ ವಾರಂಟ್ ಹಿಂಪಡೆಯುತ್ತದೆ, ಹೊಸ ಮುಚ್ಚಳಿಕೆ ಮತ್ತು ಜಾಮೀನುದಾರರನ್ನು ಕೇಳುತ್ತದೆ. ಜಾಮೀನುದಾರರು ಆಧಾರ್, ಪಹಣಿ ಅಥವಾ ಮನೆ ಕಂದಾಯದ ರಸೀದಿಯೊಂದಿಗೆ ಅಂದೇ ಸಿದ್ಧವಾಗಿ ಬಂದಿದ್ದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ, ರೀಕಾಲ್ ಸಿಕ್ಕೂ ಒಳಗೆ ಹೋಗುವ ಪ್ರಸಂಗ ಬರಬಹುದು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಇನ್ನೊಂದು ಅನುಕೂಲವಿದೆ. ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹಾಕಿಕೊಟ್ಟು 2022ರಲ್ಲಿ ಎತ್ತಿಹಿಡಿದ ಕ್ರಮದ ಪ್ರಕಾರ, ವಾರಂಟ್ ಜಾರಿಯಾಗುವ ಮೊದಲೇ ಅರ್ಜಿ ಹಾಕಿ ಮುಂದಿನ ದಿನ ಖುದ್ದು ಬರುವುದಾಗಿ ಬರೆದುಕೊಟ್ಟರೆ, ಆರೋಪಿಯ ಹಾಜರಿಗೆ ಪಟ್ಟು ಹಿಡಿಯದೆ ಎನ್‌ಬಿಡಬ್ಲ್ಯು ರದ್ದು ಮಾಡಬಹುದು ಅಥವಾ ಜಾಮೀನು ಸಹಿತ ವಾರಂಟಾಗಿ ಬದಲಿಸಬಹುದು. ದೂರದ ಊರಿನಲ್ಲಿ ದುಡಿಯುವವರಿಗೆ ಇದು ದೊಡ್ಡ ಆಸರೆ, ಆದರೆ ಕೊಟ್ಟ ಮಾತು ತಪ್ಪಿದರೆ ಎರಡನೇ ಸಲ ಯಾರೂ ಕೇಳುವುದಿಲ್ಲ. ಕೆಳಗಿನ ಕೋರ್ಟು ಅರ್ಜಿ ತಳ್ಳಿಹಾಕಿದರೆ ಉಳಿಯುವುದು ಹೈಕೋರ್ಟ್: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ.

ರದ್ದಾದ ಮೇಲೂ ಒಂದು ಕೆಲಸ ಬಾಕಿ. ವಾರಂಟಿನ ಪ್ರತಿ ಅಷ್ಟರಲ್ಲಿ ಠಾಣೆಗೆ ಹೋಗಿರುತ್ತದೆ. ರದ್ದಾದ ಸುದ್ದಿ ಅಲ್ಲಿಗೆ ತಲುಪದಿದ್ದರೆ ಪೊಲೀಸರು ಹಳೆಯ ಕಾಗದ ಹಿಡಿದು ಬರುತ್ತಾರೆ. ಮುಂಬಯಿಯ ವಕೀಲರೊಬ್ಬರನ್ನು ವಾರಂಟ್ ರದ್ದಾದ ಬಳಿಕವೂ 2002ರ ಸ್ವಾತಂತ್ರ್ಯ ದಿನದಂದು ಬಂಧಿಸಲಾಗಿತ್ತು. ಆ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, ವಾರಂಟುಗಳಿಗೆ ಕ್ರಮಸಂಖ್ಯೆ, ಕೋರ್ಟಿನಲ್ಲಿ ಪ್ರತ್ಯೇಕ ರಿಜಿಸ್ಟರ್, ರದ್ದಾದದ್ದನ್ನು ವಾಪಸ್ ತರಿಸುವುದು ಮುಂತಾದ ನಿರ್ದೇಶನಗಳು 2011ರಲ್ಲಿ ಬಂದವು. ರೀಕಾಲ್ ಆದೇಶದ ದೃಢೀಕೃತ ನಕಲನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದು, ಇನ್ನೊಂದನ್ನು ಕೈಯಲ್ಲಿಟ್ಟುಕೊಳ್ಳುವುದು ಜಾಣತನ.

ಅಷ್ಟರೊಳಗೆ ಬಂಧನವೇ ಆಗಿಬಿಟ್ಟರೆ, ವಾರಂಟಿನಲ್ಲಿ ಏನಿದೆ ಎಂದು ಪೊಲೀಸರು ಹೇಳಬೇಕು, ಕೇಳಿದರೆ ಅದನ್ನು ತೋರಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಮತ್ತೆ ಮತ್ತೆ ತಪ್ಪಿಸಿಕೊಂಡವರಿಗೆ ಕಾದಿರುವುದು ಬೇರೆ: ನಾಗರಿಕ ಸುರಕ್ಷಾ ಸಂಹಿತೆಯ 84ನೇ ಕಲಂ ಪ್ರಕಾರ ಕನಿಷ್ಠ 30 ದಿನದ ಗಡುವಿನ ಉದ್ಘೋಷಣೆ, ಅನಂತರ ಆಸ್ತಿ ಜಪ್ತಿ. ಜಾಮೀನಿನ ಮೇಲೆ ಹೊರಬಂದು ಸಕಾರಣವಿಲ್ಲದೆ ಬಾರದಿರುವುದೇ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ ಅಡಿ ಪ್ರತ್ಯೇಕ ಅಪರಾಧ, ಒಂದು ವರ್ಷದವರೆಗೆ ಸಜೆ.

ವಾಟ್ಸ್‌ಆ್ಯಪಿನಲ್ಲಿ ವಾರಂಟಿನ ಚಿತ್ರ ಕಳಿಸಿ, ವಿಡಿಯೋ ಕರೆಯಲ್ಲಿ ಹೆದರಿಸಿ ಹಣ ಕೇಳುವ ದಂಧೆಗೂ ಕೋರ್ಟಿಗೂ ಸಂಬಂಧವಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ 1930ಕ್ಕೆ ದೂರು ಕೊಡಬೇಕು.

ರೀಕಾಲ್ ಆದರೆ ವಾರಂಟ್ ಹೋಗುತ್ತದೆ, ಮೊಕದ್ದಮೆ ಹೋಗುವುದಿಲ್ಲ. ಚೆಕ್ ಪ್ರಕರಣಗಳನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡು ಪೂರ್ತಿ ಮುಗಿಸಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.