ಬೆಲ್ಲ, ಗೋಧಿಹಿಟ್ಟು, ಚಕ್ಕೆ ಹಾಕಿದ ಕೇಕ್ ಶುಗರ್ ಇರುವವರಿಗೆ ಸುರಕ್ಷಿತವೇ?

ಸಾರಾಂಶ: ಮನೆಯಲ್ಲೇ ಮಾಡುವ ಮಸಾಲೆ ಕೇಕ್‌ನ ರೆಸಿಪಿ ಜೊತೆಗೆ “ಮೈದಾ ಇಲ್ಲ, ಸಕ್ಕರೆ ಇಲ್ಲ, ಶುಗರ್ ಇರುವವರೂ ಧಾರಾಳವಾಗಿ ತಿನ್ನಬಹುದು” ಎಂಬ ಸಾಲು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ರೆಸಿಪಿಯಲ್ಲಿ ತಪ್ಪಿಲ್ಲ. ಆದರೆ ಆ ಕೊನೆಯ ಸಾಲು ತಪ್ಪು.

ಈ ಕೇಕ್ ಹೊಸದೇನಲ್ಲ

ಮೊಟ್ಟೆ, ಹಾಲು, ಬೆಣ್ಣೆ ಇಲ್ಲದ ಮಸಾಲೆ ಕೇಕ್‌ಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಗಳಲ್ಲಿ ಈ ಪದಾರ್ಥಗಳನ್ನು ಉಳಿಸಬೇಕಾಗಿ ಬಂದಾಗ ‘ವಾರ್ ಕೇಕ್’, ಅಂದರೆ ಯುದ್ಧದ ಕೇಕ್, ಬಳಕೆಗೆ ಬಂತು. ಕಂದು ಸಕ್ಕರೆ, ಒಣದ್ರಾಕ್ಷಿ, ಕೊಬ್ಬು, ಚಕ್ಕೆ, ಲವಂಗ, ಜಾಯಿಕಾಯಿಗಳನ್ನು ನೀರಿನಲ್ಲಿ ಕುದಿಸಿ, ಆರಿಸಿ, ಹಿಟ್ಟು ಮತ್ತು ಸೋಡಾ ಬೆರೆಸಿ ಬೇಯಿಸುತ್ತಿದ್ದರು. ನಮ್ಮ ಬೆಲ್ಲದ ಕೇಕ್ ಮಾಡುವ ಕ್ರಮವೂ ಹೆಚ್ಚುಕಡಿಮೆ ಇದೇ.

ಮಾಡುವುದು ಹೇಗೆ?

ಬೇಕಾಗುವುದು: ಗೋಧಿಹಿಟ್ಟು 2 ಕಪ್ (ಸುಮಾರು 240 ಗ್ರಾಂ), ಬೆಲ್ಲ 200 ಗ್ರಾಂ, ನೀರು ಮುಕ್ಕಾಲು ಕಪ್, ಮೊಸರು ಅರ್ಧ ಕಪ್, ಎಣ್ಣೆ ಕಪ್‌ನ ಮೂರನೇ ಒಂದು ಭಾಗ, ಒಣದ್ರಾಕ್ಷಿ 50 ಗ್ರಾಂ, ಚಕ್ಕೆ ಪುಡಿ 1 ಟೀ ಚಮಚ, ಒಣಶುಂಠಿ ಪುಡಿ ಅರ್ಧ ಟೀ ಚಮಚ, ಲವಂಗದ ಪುಡಿ ಮತ್ತು ಜಾಯಿಕಾಯಿ ಪುಡಿ ತಲಾ ಒಂದು ಚಿಟಿಕೆ, ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು.

ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ. ಅದಕ್ಕೆ ಒಣದ್ರಾಕ್ಷಿ, ಎಣ್ಣೆ, ಮಸಾಲೆ ಪುಡಿ ಹಾಕಿ ಎರಡು ನಿಮಿಷ ಕುದಿಸಿ. ಪೂರ್ತಿ ಆರಿದ ಮೇಲೆ ಮೊಸರು ಬೆರೆಸಿ. ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು, ಈ ಪಾಕಕ್ಕೆ ಸೇರಿಸಿ ಮೆಲ್ಲಗೆ ಕಲಸಿ. ಎಣ್ಣೆ ಸವರಿದ ಟಿನ್‌ಗೆ ಸುರಿದು, ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರಿಂದ 45 ನಿಮಿಷ ಬೇಯಿಸಿ. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ಆರಿಸಲೇಬೇಕೇ? ಹೌದು. ಸೋಡಾ ಮೊಸರಿನ ಆಮ್ಲದ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ, ಕೇಕ್ ಉಬ್ಬುವುದು ಅದರಿಂದಲೇ. ಬಿಸಿ ಪಾಕಕ್ಕೆ ಸೋಡಾ ಹಾಕಿದರೆ ಆ ಅನಿಲ ಒಲೆ ಏರುವ ಮೊದಲೇ ಹಾರಿಹೋಗುತ್ತದೆ. ಹೆಚ್ಚು ಉಬ್ಬಲಿ ಎಂದು ಸೋಡಾ ಜಾಸ್ತಿ ಹಾಕಿದರೂ ಪ್ರಯೋಜನವಿಲ್ಲ. ಆಮ್ಲ ಸಿಗದೆ ಉಳಿದ ಸೋಡಾ ಬಿಸಿಗೆ ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಕೇಕ್‌ಗೆ ಸೋಪಿನ ರುಚಿ ಬರುತ್ತದೆ.

ಕುಕ್ಕರ್‌ನಲ್ಲಿ ಮಾಡಿದರೆ ಸಿಡಿಯುತ್ತದೆಯೇ?

ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ಹಾಗಾಗಿ ಒತ್ತಡದಿಂದ ಸಿಡಿಯುವ ಪ್ರಶ್ನೆ ಬರುವುದಿಲ್ಲ. ಅವನ್ನು ಹಾಕಿಟ್ಟು ಒಣಗಲು ಕಾಯಿಸುವುದು ಅಪಾಯ. ಆದರೂ ನೀರಿಲ್ಲದೆ ಮುಕ್ಕಾಲು ಗಂಟೆ ಕಾಯಿಸಿದರೆ ಕುಕ್ಕರ್ ಹಾಳಾಗಬಹುದು. ದಪ್ಪ ತಳದ ಹಳೆಯ ಪಾತ್ರೆಗೆ ಪುಡಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಬಿಗಿಯಾದ ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವುದು ಮೇಲು. ಓವನ್‌ಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ.

ಹೇಳಿಕೆ 1: ಬೆಲ್ಲ ಹಾಕಿದರೆ ಶುಗರ್ ಏರುವುದಿಲ್ಲ

ತಪ್ಪು. ಬೆಲ್ಲದ ಬಹುಪಾಲು ಸುಕ್ರೋಸ್. ಸಕ್ಕರೆ ಡಬ್ಬಿಯಲ್ಲಿರುವುದೂ ಅದೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ ಇದ್ದರೆ, ಅಷ್ಟೇ ಬೆಲ್ಲದಲ್ಲಿ 350ರಿಂದ 380ರ ಆಸುಪಾಸು ಇರುತ್ತದೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಬೇರೆ ಖನಿಜಗಳು ಇರುವುದು ನಿಜ. ಆದರೆ ಅವು ರಕ್ತದಲ್ಲಿ ಗ್ಲುಕೋಸ್ ಏರುವುದನ್ನು ತಡೆಯುವುದಿಲ್ಲ.

ಮೇಲಿನ ಕೇಕನ್ನು 10 ತುಂಡು ಮಾಡಿದರೆ ಒಂದು ತುಂಡಿಗೆ 20 ಗ್ರಾಂ ಬೆಲ್ಲ, 24 ಗ್ರಾಂ ಹಿಟ್ಟು ಮತ್ತು 5 ಗ್ರಾಂ ಒಣದ್ರಾಕ್ಷಿ ಬರುತ್ತದೆ. ಇದರಿಂದ ಸಿಗುವ ಕಾರ್ಬೋಹೈಡ್ರೇಟ್ ಸುಮಾರು 35ರಿಂದ 40 ಗ್ರಾಂ, ಅಂದರೆ ಹೆಚ್ಚುಕಡಿಮೆ ಎರಡು ಚಪಾತಿಯಷ್ಟು. ಅದರಲ್ಲಿ ಅರ್ಧದಷ್ಟು ನೇರ ಸಿಹಿ. ಸೇರಿಸಿದ ಸಕ್ಕರೆಯಂಥ ಸಿಹಿಯನ್ನು ದಿನದ ಒಟ್ಟು ಕ್ಯಾಲರಿಯ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲರಿ ಊಟ ಮಾಡುವವರಿಗೆ ಶೇ. 5 ಎಂದರೆ 25 ಗ್ರಾಂ. ಒಂದೇ ತುಂಡು ಕೇಕ್‌ನ ಬೆಲ್ಲ ಅದರ ಬಹುಭಾಗವನ್ನು ಮುಗಿಸಿಬಿಡುತ್ತದೆ.

ಹೇಳಿಕೆ 2: ಗೋಧಿಹಿಟ್ಟಾದ್ದರಿಂದ ತೊಂದರೆ ಇಲ್ಲ

ಅರ್ಧಸತ್ಯ. ಗೋಧಿಹಿಟ್ಟಿನಲ್ಲಿ ಮೈದಾಕ್ಕಿಂತ ನಾರಿನಂಶ ಹೆಚ್ಚು, ಆ ಮಟ್ಟಿಗೆ ಒಳ್ಳೆಯದೇ. ಆದರೆ ನುಣ್ಣಗೆ ಬೀಸಿದ ಗೋಧಿಯ ಪಿಷ್ಟವೂ ಜೀರ್ಣವಾದ ಮೇಲೆ ಗ್ಲುಕೋಸ್ ಆಗುತ್ತದೆ.

ಹೇಳಿಕೆ 3: ಚಕ್ಕೆ ಶುಗರ್ ಇಳಿಸುತ್ತದೆ, ಆದ್ದರಿಂದ ಸಮ ಆಗುತ್ತದೆ

ಇದಕ್ಕೆ ಭದ್ರ ಆಧಾರವಿಲ್ಲ. 2012ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯಲ್ಲಿ 577 ಜನರ ಮೇಲೆ ನಡೆದ 10 ಪ್ರಯೋಗಗಳನ್ನು ಒಟ್ಟಿಗೆ ನೋಡಲಾಯಿತು. ಮಧುಮೇಹಕ್ಕೆ ಚಕ್ಕೆ ಬಳಸಿ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂಬುದೇ ಅದರ ತೀರ್ಮಾನ. ನಂತರದ ಕೆಲವು ಅಧ್ಯಯನಗಳಲ್ಲಿ ಸಣ್ಣ ಪ್ರಮಾಣದ ಇಳಿಕೆ ಕಂಡಿದ್ದರೂ ಫಲಿತಾಂಶ ಒಂದೇ ರೀತಿ ಇಲ್ಲ. ಕೇಕ್‌ನ ಒಂದು ತುಂಡಿನಲ್ಲಿರುವುದು ಕಾಲು ಗ್ರಾಂ ಚಕ್ಕೆ. ಅದು 20 ಗ್ರಾಂ ಬೆಲ್ಲಕ್ಕೆ ಉತ್ತರವಾಗಲಾರದು.

ಹಾಗೆಂದು ದಿನಾ ಚಮಚಗಟ್ಟಲೆ ಚಕ್ಕೆ ಪುಡಿ ತಿನ್ನುವುದೂ ಸರಿಯಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ, ದಪ್ಪ ತೊಗಟೆಯ ಗಟ್ಟಿ ಚಕ್ಕೆ ಕ್ಯಾಸಿಯಾ ಜಾತಿಯದು. ಅದರಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ಹೆಚ್ಚಾದರೆ ಕೆಲವರ ಯಕೃತ್ತಿಗೆ, ಅಂದರೆ ಲಿವರ್‌ಗೆ, ಹಾನಿಯಾಗಬಹುದು. 60 ಕೆ.ಜಿ. ತೂಕದವರು ನಿತ್ಯ ತಿನ್ನುವುದಾದರೆ ಕ್ಯಾಸಿಯಾ ದಿನಕ್ಕೆ 2 ಗ್ರಾಂ ದಾಟಬಾರದು ಎಂಬುದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ. ತೆಳು ಪದರಗಳ ಸುರುಳಿಯಂತಿರುವ ಸಿಲೋನ್ ಚಕ್ಕೆಯಲ್ಲಿ ಕೂಮರಿನ್ ತೀರಾ ಕಡಿಮೆ. ಕೇಕ್‌ಗೆ ಹಾಕುವಷ್ಟಕ್ಕೆ ಯಾವುದಾದರೂ ನಡೆಯುತ್ತದೆ.

ಹಾಗಾದರೆ ಶುಗರ್ ಇರುವವರು ತಿನ್ನಲೇಬಾರದೇ?

ಹಾಗೇನಿಲ್ಲ. ಮನೆಯವರೆಲ್ಲ ಕೇಕ್ ತಿನ್ನುವಾಗ ಒಬ್ಬರನ್ನೇ ಹೊರಗಿಡಬೇಕಿಲ್ಲ. ಇಷ್ಟು ನೆನಪಿಡಿ:

• ಸಣ್ಣ ತುಂಡು ಸಾಕು. ಅದನ್ನು ಊಟದ ಮೇಲೆ ಹೆಚ್ಚುವರಿಯಾಗಿ ತಿನ್ನದೆ, ಆ ಹೊತ್ತಿನ ಚಪಾತಿ ಅಥವಾ ಅನ್ನ ಕಡಿಮೆ ಮಾಡಿ ತಿನ್ನಿ.
• ಬೆಲ್ಲವನ್ನು 120 ಗ್ರಾಂಗೆ ಇಳಿಸಿದರೂ ಕೇಕ್ ಆಗುತ್ತದೆ. ಸಿಹಿ ತೇವವನ್ನು ಹಿಡಿದಿಡುವುದರಿಂದ ಮೃದುತ್ವ ಮಾತ್ರ ತುಸು ಕಡಿಮೆಯಾಗಬಹುದು.
• ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಿಂದ ಎರಡು ಗಂಟೆಯ ನಂತರ ನೋಡಿ. ನಿಮ್ಮ ದೇಹ ಎಷ್ಟು ತಾಳುತ್ತದೆ ಎಂದು ಗೊತ್ತಾಗುತ್ತದೆ.
• ಚಕ್ಕೆ ತಿನ್ನುತ್ತಿದ್ದೇವೆಂದು ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ಬಿಡಬೇಡಿ. ಶುಗರ್ ಹತೋಟಿಯಲ್ಲಿ ಇಲ್ಲದವರು ಮೊದಲು ವೈದ್ಯರನ್ನು ಕೇಳಿ.

ನಮ್ಮ ತೀರ್ಪು

ಬೆಲ್ಲ, ಗೋಧಿ, ಚಕ್ಕೆಯ ಕೇಕ್ ರುಚಿಯಾದ, ಸುಲಭವಾಗಿ ಮಾಡಬಹುದಾದ ಸಿಹಿತಿಂಡಿ. ಶುಗರ್ ಇರುವವರು ಧಾರಾಳವಾಗಿ ತಿನ್ನಬಹುದು ಎಂಬ ಹೇಳಿಕೆ ತಪ್ಪು. “ಬೆಲ್ಲದ್ದು ತಾನೆ” ಎಂದು ನಿಮ್ಮ ಮನೆಯ ಹಿರಿಯರು ಎರಡು ಮೂರು ತುಂಡು ತಿಂದುಬಿಡಲು ಆ ಒಂದು ಸಾಲೇ ಸಾಕು. ರೆಸಿಪಿಯನ್ನು ಖಂಡಿತ ಫಾರ್ವರ್ಡ್ ಮಾಡಿ, ಆ ಸಾಲನ್ನು ಅಳಿಸಿ ಕಳಿಸಿ.