ಪ್ರಕಾರದ ಗಡಿ ಮತ್ತು ಕಲಾವಿದ: ರಾಬರ್ಟ್ ಸ್ಮಿತ್ ಹಾಗೂ ಗಾಥಿಕ್ ರಾಕ್

ಕೃತಿಯೊಂದನ್ನು ಯಾವ ಪ್ರಕಾರಕ್ಕೆ ಸೇರಿಸಬೇಕೆಂಬ ಪ್ರಶ್ನೆ ಸಾಹಿತ್ಯ ಮೀಮಾಂಸೆಗೆ ಹೊಸದೇನಲ್ಲ. ಜನಪ್ರಿಯ ಸಂಗೀತದಲ್ಲಿಯೂ ಇದೇ ಪ್ರಶ್ನೆ ತೀವ್ರವಾಗಿ ಎದುರಾಗಿದೆ. ಇಂಗ್ಲೆಂಡಿನ 'ದಿ ಕ್ಯೂರ್' ತಂಡದ ಗಾಯಕ ರಾಬರ್ಟ್ ಸ್ಮಿತ್ ಗಾಥಿಕ್ ರಾಕ್ ಸಂಗೀತಗಾರರೇ ಎಂಬ ಚರ್ಚೆ ಇದಕ್ಕೆ ನಿದರ್ಶನ. ಸ್ವತಃ ಸ್ಮಿತ್ ಈ ಹಣೆಪಟ್ಟಿಯನ್ನು ಮತ್ತೆ ಮತ್ತೆ ನಿರಾಕರಿಸಿದ್ದಾರೆ. ಕೇಳುಗರಲ್ಲಿ ಅನೇಕರು ಅವರನ್ನು ಈ ಪ್ರಕಾರದ ಪ್ರತೀಕವೆಂದೇ ಭಾವಿಸಿದ್ದಾರೆ. ಈ ವೈರುಧ್ಯವನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

'ಗಾಥಿಕ್' ಎಂಬುದು ಇಟಲಿಯ ಪುನರುಜ್ಜೀವನ ಕಾಲದ ಲೇಖಕರು ಮಧ್ಯಯುಗದ ವಾಸ್ತುಶಿಲ್ಪವನ್ನು ಹೀಗಳೆಯಲು ಬಳಸಿದ ಪದ. ಹೊರೇಸ್ ವಾಲ್‌ಪೋಲ್ ತಮ್ಮ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಕಾದಂಬರಿಯ 1765ರ ಆವೃತ್ತಿಯನ್ನು 'ಗಾಥಿಕ್ ಕಥೆ' ಎಂದು ಕರೆದ ಮೇಲೆ ಅದು ಭಯ, ವಿಷಾದಗಳ ಕಥನಕ್ಕೂ ಅನ್ವಯವಾಯಿತು. 1967ರಲ್ಲಿ ವಿಮರ್ಶಕ ಜಾನ್ ಸ್ಟಿಕ್ನಿ ಅಮೆರಿಕದ 'ಡೋರ್ಸ್' ತಂಡದ ಸಂಗೀತವನ್ನು 'ಗಾಥಿಕ್ ರಾಕ್' ಎಂದು ಬಣ್ಣಿಸಿದರು. ಆದರೆ ಅದು ಪ್ರಕಾರವಾಗಿ ರೂಪುಗೊಂಡದ್ದು ಪಂಕ್ ಅನಂತರದ ಇಂಗ್ಲೆಂಡಿನಲ್ಲಿ. ಬೌಹೌಸ್ ತಂಡದ 'ಬೆಲಾ ಲುಗೋಸೀಸ್ ಡೆಡ್' (1979) ಅದರ ಆರಂಭದ ಗುರುತು. 1982ರಲ್ಲಿ ಲಂಡನ್ನಿನ ಸೋಹೊದಲ್ಲಿ ತೆರೆದ 'ಬ್ಯಾಟ್‌ಕೇವ್' ಕ್ಲಬ್ ಅದಕ್ಕೊಂದು ನೆಲೆ ಒದಗಿಸಿತು.

ರಾಗವನ್ನು ಮುನ್ನಡೆಸುವ ಬಾಸ್ ಗಿಟಾರ್, ಅನುರಣನದಲ್ಲಿ ಮಸುಕಾದ ಗಿಟಾರ್ ನಾದ, ಮರುಕಳಿಸುವ ಗಂಭೀರ ಡ್ರಮ್ ಬಡಿತ, ಸಾವು ಹಾಗೂ ಏಕಾಂತದ ವಸ್ತು ಇವು ಈ ಪ್ರಕಾರದ ಸಾಮಾನ್ಯ ಲಕ್ಷಣಗಳು. 'ಸೆವೆಂಟೀನ್ ಸೆಕೆಂಡ್ಸ್' (1980), 'ಫೇತ್' (1981), 'ಪೋರ್ನೋಗ್ರಫಿ' (1982) ಆಲ್ಬಮ್‌ಗಳಲ್ಲಿ ಇವು ಕ್ರಮೇಣ ದಟ್ಟವಾಗುತ್ತವೆ. ಆದರೆ 1983ರಲ್ಲಿ ಇದೇ ತಂಡ ಜಾಜ್ ಲಯದ ವಿನೋದಗೀತೆ 'ದಿ ಲವ್‌ಕ್ಯಾಟ್ಸ್' ಹಾಡಿತು. 1989ರ 'ಡಿಸಿಂಟೆಗ್ರೇಷನ್' ಮತ್ತೆ ವಿಷಾದಕ್ಕೆ ಮರಳಿತು. ಆದರೂ ಅದರಲ್ಲಿಯೇ ಇದ್ದ ಸರಳ ಪ್ರೇಮಗೀತೆ 'ಲವ್‌ಸಾಂಗ್' ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. 1992ರಲ್ಲಿ ಉಲ್ಲಾಸದ 'ಫ್ರೈಡೇ ಐ ಆಮ್ ಇನ್ ಲವ್' ಬಂದರೆ, 2024ರ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಪುನಃ ಸಾವು, ಅಗಲಿಕೆಗಳನ್ನು ಧ್ಯಾನಿಸಿತು.

ಇಲ್ಲಿ ಎರಡು ನಿಲುವುಗಳು ಎದುರಾಗುತ್ತವೆ. ಕಲಾವಿದನ ಮಾತೇ ಅಂತಿಮವೆಂದರೆ ಗಾಥಿಕ್ ರಾಕ್‌ನ ಚರಿತ್ರೆಯಿಂದ 'ಪೋರ್ನೋಗ್ರಫಿ'ಯನ್ನೇ ಕೈಬಿಡಬೇಕಾಗುತ್ತದೆ. ಕೇಳುಗರ ಗ್ರಹಿಕೆಯೇ ಅಂತಿಮವೆಂದರೆ 'ದಿ ಲವ್‌ಕ್ಯಾಟ್ಸ್' ಕೇವಲ ಅಪವಾದವೆನಿಸಿ, ಸ್ಮಿತ್ ಅವರ ಸೃಜನಶೀಲತೆಯ ಅರ್ಧಭಾಗ ಮರೆಯಾಗುತ್ತದೆ. ಎರಡೂ ನಿಲುವುಗಳಲ್ಲಿರುವ ದೋಷ ಒಂದೇ: ಕೃತಿಗೆ ಸಲ್ಲಬೇಕಾದ ಹೆಸರನ್ನು ಅವು ವ್ಯಕ್ತಿಗೆ ಅಂಟಿಸುತ್ತವೆ.

ಪ್ರಕಾರವು ಕೃತಿಯ ಗುಣವೇ ಹೊರತು ಕರ್ತೃವಿನ ಜಾತಿಯಲ್ಲ. ಅಲ್ಲದೆ, ಲಕ್ಷಣಗಳ ಪಟ್ಟಿ ಮೊದಲು ಸಿದ್ಧವಾಗಿ ಕೃತಿಗಳು ಅದಕ್ಕೆ ಹೊಂದಿಕೊಂಡು ಬಂದುವೆಂದು ತಿಳಿಯುವುದೂ ಸರಿಯಲ್ಲ; ಲಕ್ಷ್ಯವಿಲ್ಲದೆ ಲಕ್ಷಣವಿಲ್ಲ. ಮೇಲೆ ಹೇಳಿದ ಲಕ್ಷಣಗಳು ರೂಢಿಗೆ ಬಂದದ್ದೇ ಇಂತಹ ಆಲ್ಬಮ್‌ಗಳ ಮೂಲಕ. ಆದ್ದರಿಂದ ಸ್ಮಿತ್ ಗಾಥಿಕ್ ಸಂಗೀತಗಾರರೇ ಎಂಬುದಕ್ಕಿಂತ, ಅವರ ಯಾವ ಕೃತಿಗಳು ಆ ಪ್ರಕಾರವನ್ನು ಕಟ್ಟಿದುವು ಎಂದು ಕೇಳುವುದು ಹೆಚ್ಚು ಫಲಪ್ರದ. ತಾನು ಕಟ್ಟಿದ ಮನೆಯಲ್ಲಿ ವಾಸಿಸಲು ಒಪ್ಪದಿರುವ ಸ್ವಾತಂತ್ರ್ಯ ಕಲಾವಿದನಿಗಿದೆ. ಮನೆಯನ್ನು ಕಟ್ಟಿದವರಾರೆಂದು ದಾಖಲಿಸುವ ಹೊಣೆ ಚರಿತ್ರಕಾರನದು.